ಇಚಿರೊ ಲೀಗ್ ಆವರೇಜಿಗಿಂತ ಬರೀ 7 ಪರ್ಸೆಂಟ್ ಜಾಸ್ತಿನಾ? ಯಾರಾದ್ರೂ ಬಿಡಿಸಿ ಹೇಳಿ

ರೆಂಟನ್ ರಾಯ
ನಿನ್ನೆ ಆಫೀಸಲ್ಲಿ ಊಟಕ್ಕೆ ಕೂತಾಗ ನಮ್ ಟೀಮಿಗೆ ಹೊಸದಾಗಿ ಸೇರಿರೋ ಹುಡುಗ ಒಬ್ಬ, ಬಾಸ್ಟನ್ ಕಡೆಯವನು, ಜಪಾನಿಂದ ಬಂದು ಸಿಯಾಟಲ್ ಬೇಸ್‌ಬಾಲ್ ಟೀಮಿಗೆ ಆಡಿದ ಇಚಿರೊನ ನೀವೆಲ್ಲ ಸುಮ್ನೆ ತಲೆ ಮೇಲೆ ಹೊತ್ಕೊಂಡು ಕುಣೀತೀರ ಅಂದ. ಸಿಯಾಟಲ್‌ನಲ್ಲಿ ಕೂತು ಈ ಮಾತಾಡೋಕೆ ಧೈರ್ಯ ಬೇಕು ಬಿಡಿ. ಆಮೇಲೆ ಫೋನ್ ತೆಗೆದು ತೋರಿಸ್ದ, ಕರಿಯರ್ ಓಪಿಎಸ್ ಪ್ಲಸ್ 107, ಬ್ಯಾಟಿಂಗನ್ನ ಲೀಗಿನ ಜೊತೆ ಹೋಲಿಸಿ ಅಳೆಯೋ ನಂಬರ್ರು ಅದು. 100 ಅಂದ್ರೆ ಲೀಗಿನ ಆವರೇಜ್ ಬ್ಯಾಟರ್ರಂತೆ, ನಿಮ್ ದೇವ್ರು ಅವನಿಗಿಂತ ಬರೀ 7 ಮೇಲೆ, ಇದಕ್ಕೆ ದಿಗ್ಗಜರನ್ನ ಸೇರಿಸೋ ಹಾಲ್ ಆಫ್ ಫೇಮಲ್ಲಿ 394ಕ್ಕೆ 393 ವೋಟಾ ಅಂತ ನಕ್ಕ. ಚಿತ್ರಾನ್ನ ಗಂಟಲಲ್ಲೇ ನಿಂತ್ಕೊಳ್ತು ನಂಗೆ.

ನಾನು ಈ ಊರಿಗೆ ಬಂದಿದ್ದು 2001ರ ಏಪ್ರಿಲಲ್ಲಿ. ಬೇಸ್‌ಬಾಲ್ ಅಂದ್ರೆ ಏನೂ ಗೊತ್ತಿರ್ಲಿಲ್ಲ, ರೂಮ್‌ಮೇಟ್ ಎಳ್ಕೊಂಡ್ ಹೋದ ಅಂತ ಹೋದೆ, ರೈಟ್ ಫೀಲ್ಡ್ ಹಿಂದೆ ಚೀಪ್ ಸೀಟು. 51 ನಂಬರಿನ ಒಬ್ಬ ಸಣಕಲ ಬ್ಯಾಟಿಂಗಿಗೆ ಬಂದ, ಬ್ಯಾಟನ್ನ ಪಿಚರ್ (ಬಾಲ್ ಎಸೆಯೋನು) ಕಡೆ ನೆಟ್ಟಗೆ ಹಿಡಿದು ಇನ್ನೊಂದು ಕೈಲಿ ಭುಜದ ಹತ್ರ ಅಂಗಿ ತೋಳು ಎಳ್ಕೊಂಡ. ಆಮೇಲೆ ಶಾರ್ಟ್‌ಸ್ಟಾಪ್ ಕಡೆ ನೆಲಕ್ಕೆ ಮೆತ್ತಗೆ ತಟ್ಟಿದ. ಔಟು ಅಂತ ನಾನು ಪಾಪ್‌ಕಾರ್ನ್ ಕಡೆ ನೋಡ್ದೆ, ತಲೆ ಎತ್ತೋ ಅಷ್ಟರಲ್ಲಿ ಫೀಲ್ಡರ್ರು ಬಾಲ್ ಎತ್ತಿ ಎಸೆದೂ ಆಗಿತ್ತು, ಇವನು ಬೇಸ್ ದಾಟಿ ಆ ಕಡೆ ಹೋಗಿ ನಿಂತೂ ಆಗಿತ್ತು. ಆ ವರ್ಷ ಟೀಮು 116 ಮ್ಯಾಚ್ ಗೆಲ್ತು, ಇವನದು 242 ಹಿಟ್ (ಬಾಲ್ ಹೊಡೆದು ಔಟಾಗದೆ ಬೇಸ್ ಸೇರಿದ್ದು), .350 ಆವರೇಜ್, ವರ್ಷದ ಹೊಸ ಆಟಗಾರ ಅಂತ ರೂಕಿ ಆಫ್ ದಿ ಇಯರ್ರೂ ಅವನೇ, ಲೀಗಿನ ಅತಿ ಮುಖ್ಯ ಆಟಗಾರ ಅಂತ ಎಂವಿಪಿನೂ ಅವನೇ. ಆ ವರ್ಷವೂ ಸೇರಿ ಹತ್ತು ವರ್ಷ ಒಂದೂ ತಪ್ಪದೆ ವರ್ಷಕ್ಕೆ 200ರ ಮೇಲೆ ಹಿಟ್ಟು. ಒಟ್ಟು 3089. ಇವನು ಆವರೇಜ್ ಆಟಗಾರನ ಪಕ್ಕದ ಮನೆಯವನು ಅಂದ್ರೆ ನಾನು ಹೆಂಗ್ರೀ ನಂಬಲಿ? ಲೆಕ್ಕ ಗೊತ್ತಿರೋರು ಹೇಳಿ, ಸೋಮವಾರ ಹೋಗಿ ಉತ್ತರ ಕೊಡಬೇಕು.

ಅಂಕಿಸಂಕಿ
ರಾಯ್ರೆ, ಹುಡುಗ ಹೇಳಿದ ನಂಬರ್ರು ಸರಿ ಇದೆ. ಅದಕ್ಕೆ ಕೊಟ್ಟ ಅರ್ಥ ಅರ್ಧ ಸರಿ.

ಲೆಕ್ಕ ಕಷ್ಟದ್ದಲ್ಲ. ಒಬ್ಬನ ಆನ್ ಬೇಸ್ ಪರ್ಸೆಂಟೇಜನ್ನ (ಔಟಾಗದೆ ಬೇಸ್ ಸೇರಿದ ಪಾಲು) ಲೀಗಿನ ಆನ್ ಬೇಸಿಂದ ಭಾಗಿಸಿ. ಅವನ ಸ್ಲಗಿಂಗನ್ನ (ಹೊಡೆತಕ್ಕೆ ಸಿಕ್ಕ ಬೇಸುಗಳ ಲೆಕ್ಕ, ಸಿಂಗಲ್ಲಿಗೆ 1, ಡಬಲ್ಲಿಗೆ 2, ಹೋಮ್ ರನ್ನಿಗೆ 4) ಲೀಗಿನ ಸ್ಲಗಿಂಗಿಂದ ಭಾಗಿಸಿ. ಎರಡೂ ಕೂಡಿಸಿ 1 ಕಳೆದು ನೂರರಿಂದ ಗುಣಿಸಿ, ಆಮೇಲೆ ಅವನು ಆಡೋ ಗ್ರೌಂಡು ಬ್ಯಾಟರ್ರಿಗೆ ಸಲೀಸೋ ಕಷ್ಟವೋ ನೋಡ್ಕೊಂಡು ಒಂಚೂರು ಅಡ್ಜಸ್ಟ್ ಮಾಡ್ತಾರೆ. 2004 ತಗೊಳ್ಳಿ, ಇಚಿರೊ 262 ಹಿಟ್ ಹೊಡೆದು ಜಾರ್ಜ್ ಸಿಸ್ಲರ್ 1920ರಲ್ಲಿ ಮಾಡಿದ್ದ 257ರ ರೆಕಾರ್ಡ್ ಮುರಿದ ವರ್ಷ. ಆನ್ ಬೇಸ್ .414, ಅವನು ಆಡ್ತಿದ್ದ ಅಮೆರಿಕನ್ ಲೀಗಿನದು .338, ಭಾಗಿಸಿದ್ರೆ 1.22 ಚಿಲ್ಲರೆ. ಸ್ಲಗಿಂಗ್ .455, ಲೀಗಿನದು .433, ಅದು 1.05. ಕೂಡಿಸಿ ಕಳೆದ್ರೆ 128 ಹತ್ರ ಬರುತ್ತೆ, ಸಿಯಾಟಲ್ ಗ್ರೌಂಡು ಪಿಚರ್ರಿಗೆ ಅನುಕೂಲ ಆದ್ದರಿಂದ ಎರಡು ಸೇರಿಸಿ 130.

ಈಗ ನೋಡಿ, ಇತಿಹಾಸದಲ್ಲೇ ಯಾರೂ ಹೊಡೀದಷ್ಟು ಹಿಟ್ ಹೊಡೆದ ವರ್ಷದಲ್ಲೂ ಅವನ ಸ್ಲಗಿಂಗು ಲೀಗಿಗಿಂತ 5 ಪರ್ಸೆಂಟ್ ಮಾತ್ರ ಮೇಲೆ. ಯಾಕೆ? ಆ 262ರಲ್ಲಿ 225 ಸಿಂಗಲ್ಲು.

ಕದ್ರಿ ಹುಡುಗ
ಮಾರಾಯ್ರೆ ಒಂದು ನಿಮಿಷ ನಿಲ್ಲಿಸಿ, ನಾನು ಷಿಕಾಗೊಗೆ ಬಂದು ಆರು ತಿಂಗಳಾಯ್ತು ಅಷ್ಟೆ, ನನಗೆ ಎಂತದೂ ಗೊತ್ತಾಗುದಿಲ್ಲ. .350 ಅಂದ್ರೆ ನೂರು ಸಲದಲ್ಲಿ 65 ಸಲ ಔಟ್ ಅಲ್ವಾ? ಅದಕ್ಕೆ ಎಂವಿಪಿ ಕೊಡುದಾ? ನಮ್ಮಲ್ಲಿ ಹಾಗೆ ಆಡಿದ್ರೆ ಟೆನಿಸ್ ಬಾಲ್ ಟೂರ್ನಮೆಂಟಿಗೂ ಕರೀಲಿಕ್ಕಿಲ್ಲ.

ಬೆಲ್‌ವ್ಯೂ ಅಮ್ಮ
@ಕದ್ರಿ ಹುಡುಗ ನಾನೂ ಮೊದಲು ಹಾಗೇ ಅಂದ್ಕೊಂಡಿದ್ದೆ ಕಣಪ್ಪ. ಕ್ರಿಕೆಟ್ ಆವರೇಜನ್ನ ತಲೆಯಿಂದ ತೆಗೆದುಬಿಡು. ಅಲ್ಲಿ ಒಂದು ಔಟಿಗೆ ಎಷ್ಟು ರನ್ನು ಅಂತ ಲೆಕ್ಕ, ಇಲ್ಲಿ ಅಟ್ ಬ್ಯಾಟಲ್ಲಿ, ಅಂದ್ರೆ ಬ್ಯಾಟ್ ಹಿಡಿದ ಸರದಿಗಳಲ್ಲಿ, ಎಷ್ಟು ಭಾಗ ಹಿಟ್ಟು ಅಂತ. ಎಲ್ಲರೂ ಬಹುಪಾಲು ಔಟೇ ಆಗ್ತಾರೆ ಇಲ್ಲಿ. 2001ರಲ್ಲಿ ಆ ಲೀಗಿನ ಒಟ್ಟು ಆವರೇಜು .267, ಅಂದ್ರೆ ಸಾವಿರಕ್ಕೆ 267. ಅವನು 350. ಇನ್ನೊಂದು ವಿಷಯ, ಪಿಚರ್ರು ನಾಲ್ಕು ಸಲ ಕೆಟ್ಟದಾಗಿ ಹಾಕಿದ್ರೆ ಬ್ಯಾಟರ್ರು ನಡ್ಕೊಂಡು ಫಸ್ಟ್ ಬೇಸಿಗೆ ಹೋಗ್ತಾನಲ್ಲ, ಆ ವಾಕು ಬ್ಯಾಟಿಂಗ್ ಆವರೇಜಿನ ಲೆಕ್ಕಕ್ಕೇ ಬರಲ್ಲ, ಆನ್ ಬೇಸಿನ ಲೆಕ್ಕಕ್ಕೆ ಬರುತ್ತೆ. ಜಗಳ ಎಲ್ಲ ಶುರು ಆಗೋದೇ ಅಲ್ಲಿ.

ನಮ್ಮನೆ ಚಿಕ್ಕವನು ಲಿಟಲ್ ಲೀಗ್ ಆಡ್ತಾನೆ. ಮೊನ್ನೆ ಬ್ಯಾಟ್ ನೆಟ್ಟಗೆ ಹಿಡಿದು ತೋಳು ಎಳ್ಕೊಂಡು ಅದೇ ಸ್ಟೈಲಲ್ಲಿ ನಿಂತ, ಮೂರು ಬಾಲಿಗೆ ಔಟಾಗಿ ಬಂದ. ಸ್ಟೈಲಿಗೆ ಓಪಿಎಸ್ ಪ್ಲಸ್ ಎಷ್ಟು ಅಂಕಿ ಸರ್? 😄

ಧಾರವಾಡ ಫೇಡೆ
ಅಲ್ರೀ ರಾಯರ, ಸಿಟ್ಟಿಗೇಳಬ್ಯಾಡ್ರಿ, ಆ ಹುಡುಗ ಹೇಳಿದ್ರಾಗ ತಪ್ಪೇನೈತಿ? ನಾ ಹೂಸ್ಟನ್‌ದಾಗ ಇರಾಂವ, ನಮಗ ಬೇಸ್‌ಬಾಲ್ ಅಂದ್ರ ಚೆಂಡು ಗೋಡಿ ದಾಟಬೇಕ. 2001ರ ಎಂವಿಪಿ ಹೆಂಗ ಕೊಟ್ರು ನೋಡ್ರಿ. ಓಕ್ಲಂಡಿನ ಜೇಸನ್ ಜಿಯಾಂಬಿ ಆ ವರ್ಷ .342, ಇಚಿರೊಗಿಂತ ಎಂಟ ಪಾಯಿಂಟ್ ಕಡಿಮಿ. ಆದ್ರ ಆನ್ ಬೇಸ್ .477, ಸ್ಲಗಿಂಗ್ .660! ಇಚಿರೊಂದು .381, .457. ವೋಟಿನ್ಯಾಗ 289ಕ್ಕ 281, ಎಂಟ ಪಾಯಿಂಟಿಲೆ ಇಚಿರೊ ಗೆದ್ದ. ಬ್ಯಾಟಷ್ಟ ನೋಡಿದ್ರ ಜಿಯಾಂಬಿ ಎಲ್ಲೋ, ಇವ ಎಲ್ಲೋ. ಬರೇ ಓಡಿ ಓಡಿ ಎಂವಿಪಿ ತಗೊಂಡ.

ರೆಂಟನ್ ರಾಯ
@ಧಾರವಾಡ ಫೇಡೆ ಓಡಿ ಓಡಿ ಅಂತೀರಲ್ಲ, ಆ ಓಟ ಏನು ಬಿಟ್ಟಿ ಬರುತ್ತಾ? ಆ ವರ್ಷ 56 ಬೇಸ್ ಕದ್ದಿದ್ದಾನೆ, ಅಂದ್ರೆ ಪಿಚರ್ ಬಾಲ್ ಹಾಕೋ ಹೊತ್ತಿಗೆ ಓಡಿ ಮುಂದಿನ ಬೇಸ್ ಹಿಡಿದಿದ್ದಾನೆ. ಜಿಯಾಂಬಿ ಫಸ್ಟ್ ಬೇಸಲ್ಲಿ ನಿಂತ್ರೆ ಲ್ಯಾಂಡ್ ರಿಜಿಸ್ಟ್ರೇಷನ್ ಮಾಡಿಸ್ಕೊಂಡವನ ಥರ ಅಲ್ಲೇ ನಿಂತಿರ್ತಿದ್ದ. ಸಿಂಗಲ್ ಹೊಡೆದು ಸೆಕೆಂಡ್ ಬೇಸ್ ಕದ್ರೆ ಅದು ಡಬಲ್ಲೇ ಅಲ್ವಾ? ಕದ್ದಿದ್ದು ಓಪಿಎಸ್ಸಿಗೆ ಬರಲ್ಲ ತಾನೆ?

ಕೂತು ಲೆಕ್ಕ ಹಾಕ್ದೆ. 2004ರಲ್ಲಿ 704 ಅಟ್ ಬ್ಯಾಟು, 225 ಸಿಂಗಲ್, 24 ಡಬಲ್, 5 ಟ್ರಿಪಲ್, 8 ಹೋಮ್ ರನ್, ಒಟ್ಟು 320 ಬೇಸ್. ಆ ವರ್ಷ ಕದ್ದಿದ್ದು 36. ಸೇರಿಸಿದ್ರೆ 356. 704ರಿಂದ ಭಾಗಿಸಿದ್ರೆ .506 ಬಂತು!! ಇದು ಹೋಮ್ ರನ್ ಹೊಡೆಯೋರ ಸ್ಲಗಿಂಗು ಸ್ವಾಮಿ.

ಅಂಕಿಸಂಕಿ
ರಾಯ್ರೆ ಪ್ರೀತಿ ಜಾಸ್ತಿ ಆಗಿ ಲೆಕ್ಕದಲ್ಲಿ ಜಾರಿದ್ರಿ. ಸಿಕ್ಕಿಬಿದ್ದಿದ್ದು 11 ಸಲ ಇದೆಯಲ್ಲ ಆ ವರ್ಷ, ಅದನ್ನ ಯಾರು ಕಳೀತಾರೆ? ಬೇಸ್ ಮೇಲಿದ್ದವನು ಔಟಾದ್ರೆ ಕದ್ದಿದ್ದರ ಲಾಭಕ್ಕಿಂತ ನಷ್ಟ ದೊಡ್ಡದು. ಮತ್ತೆ ಲೀಗಲ್ಲಿ ಬೇರೆಯವರು ಕದ್ದಿದ್ದನ್ನೂ ಅವರವರ ಲೆಕ್ಕಕ್ಕೆ ಸೇರಿಸ್ಬೇಕು, ನಮ್ಮವನಿಗೆ ಮಾತ್ರ ಸೇರಿಸಿದ್ರೆ ಹೆಂಗೆ. ಇನ್ನೊಂದು, ಸೆಕೆಂಡ್ ಬೇಸಲ್ಲಿ ಆಗಲೇ ಒಬ್ಬ ಇದ್ದಾನೆ ಅಂದ್ಕೊಳ್ಳಿ, ಡಬಲ್ ಹೊಡೆದ್ರೆ ಅವನು ಮನೆಗೆ ಬರ್ತಾನೆ, ಸಿಂಗಲ್ಲಿಗೆ ಬರ್ತಾನೋ ಇಲ್ವೋ. ನೀವು ಆಮೇಲೆ ಎಷ್ಟು ಕದ್ರೂ ಅವನಿಗೇನು ಬಂತು?

ಆದ್ರೆ ನಿಮ್ಮ ಮಾತಲ್ಲಿ ಹುರುಳಿದೆ. ಕರಿಯರಲ್ಲಿ 509 ಕದ್ದು 117 ಸಲ ಸಿಕ್ಕಿಬಿದ್ದಿದ್ದಾನೆ, 81 ಪರ್ಸೆಂಟ್ ಪಾಸ್. 2006ರಲ್ಲಂತೂ 45 ಕದ್ದು ಸಿಕ್ಕಿದ್ದು ಎರಡೇ ಸಲ. ಇದ್ಯಾವುದೂ 107ರ ಒಳಗಿಲ್ಲ. ಸತತ ಹತ್ತು ಗೋಲ್ಡ್ ಗ್ಲೋವ್ (ಫೀಲ್ಡಿಂಗ್ ಪ್ರಶಸ್ತಿ) ಕೂಡ ಇಲ್ಲ. ಅದು ಬರೀ ಬ್ಯಾಟಿನ ತಕ್ಕಡಿ.

ಈಗ ಆ ತಕ್ಕಡಿಯಲ್ಲೇ ನಿಮ್ಮೂರಿನವರಿಬ್ಬರನ್ನ ಇಡ್ತೀನಿ ನೋಡಿ. ನಿಮ್ ಸ್ಟೇಡಿಯಂ ಪಕ್ಕದ ರಸ್ತೆಗೆ ಹೆಸರಿಟ್ಟಿದ್ದಾರಲ್ಲ ಎಡ್ಗರ್ ಮಾರ್ಟಿನೆಜ್, ಅವನ ಕರಿಯರ್ ಆವರೇಜ್ .312. ಇಚಿರೊ .311. ಒಂದೇ ಒಂದು ಪಾಯಿಂಟ್ ವ್ಯತ್ಯಾಸ, ಆದ್ರೆ ಎಡ್ಗರ್‌ನ ಓಪಿಎಸ್ ಪ್ಲಸ್ 147, ಇಚಿರೊದು 107. ಈ 40 ಎಲ್ಲಿಂದ ಬಂತು? ವಾಕೂ ಸೇರಿಸಿ ಎಣಿಸಿದ್ರೆ ಎಡ್ಗರ್ 8674 ಸಲ ಬ್ಯಾಟ್ ಹಿಡಿದು 1283 ವಾಕ್ ತಗೊಂಡ, ಇಚಿರೊ 10734 ಸಲಕ್ಕೆ 647. ಎಡ್ಗರ್ ಹೋಮ್ ರನ್ 309, ಇಚಿರೊ 117. ಒಬ್ಬ ಕೆಟ್ಟ ಬಾಲನ್ನ ಬಿಟ್ಟು ನಡ್ಕೊಂಡು ಹೋಗ್ತಿದ್ದ, ಇನ್ನೊಬ್ಬ ಅದೇ ಬಾಲನ್ನೂ ಲೆಫ್ಟ್ ಫೀಲ್ಡಿಗೆ ತಟ್ಟಿ ಓಡ್ತಿದ್ದ.

ಕದ್ರಿ ಹುಡುಗ
ಓ ಈಗ ಸ್ವಲ್ಪ ತಲೆಗೆ ಹೋಯ್ತು. ಆದ್ರೆ ಎಡ್ಗರಿಗೆ ರಸ್ತೆ ಕೊಟ್ಟಿದ್ದು ಸರಿ ಅಲ್ವಾ ಹಾಗಾದ್ರೆ 😀

ರೆಂಟನ್ ರಾಯ
ಎಡ್ಗರ್ ಬಗ್ಗೆ ನಾನು ಒಂದು ಮಾತೂ ಆಡಲ್ಲ, ಅವನೂ ನಮ್ಮವನೇ. ಆದ್ರೆ ಅವನು ಬಹುತೇಕ ಡಿಎಚ್, ಬ್ಯಾಟ್ ಮಾಡಿ ಬಂದು ಡಗೌಟಲ್ಲಿ ಕೂರೋದು.

ಸರಿ, ಬ್ಯಾಟೇ ಮಾತಾಡೋಣ. ನಿನ್ನೆ ರಾತ್ರಿ ಎಕ್ಸೆಲ್ ತೆಗೆದು ವರ್ಷ ವರ್ಷ ಹಾಕ್ದೆ, ಹೆಂಡತಿ ಇದೇನು ಟ್ಯಾಕ್ಸ್ ಕಟ್ಟೋದಾ ಅಂತ ಕೇಳಿದ್ಲು. 2001ರಿಂದ 2010ರವರೆಗೆ 6779 ಅಟ್ ಬ್ಯಾಟಿಗೆ 2244 ಹಿಟ್, ಅಂದ್ರೆ .331. 2011ರಿಂದ ಕೊನೆವರೆಗೆ 3155ಕ್ಕೆ 845, ಅಂದ್ರೆ .268. ಇವು ಎರಡು ಬೇರೆ ಬೇರೆ ಮನುಷ್ಯರು ರೀ! ಎರಡನೆಯವನು ನಿಜವಾಗ್ಲೂ ಸಾಧಾರಣ ಆಟಗಾರ, ಒಪ್ಪಿದೆ, 2015ರಲ್ಲಿ ಮಯಾಮೀಲಿ .229 ಹೊಡೆದಾಗ ನೋಡೋಕೆ ಆಗ್ತಿರ್ಲಿಲ್ಲ. ಅವನಿಗೆ ಆಗ 41 ವಯಸ್ಸು. ಮೊದಲನೆಯವನ ಅಕೌಂಟಿಂದ ದುಡ್ಡು ತೆಗೆದು ಎರಡನೆಯವನ ಸಾಲ ತೀರಿಸಿದ ಮೇಲೆ ಉಳಿದ ಬ್ಯಾಲೆನ್ಸು ಈ 107.

ಅಂಕಿಸಂಕಿ
ಇದು ಗಟ್ಟಿ ಪಾಯಿಂಟು. ಬಾಸ್ಟನ್ ಹುಡುಗನಿಗೆ ಇದನ್ನೇ ಹೇಳಿ. ಆದ್ರೆ "ಓಪಿಎಸ್ ಸಿಂಗಲ್ ಹೊಡೆಯೋರಿಗೆ ಅನ್ಯಾಯ ಮಾಡುತ್ತೆ" ಅಂತ ಮಾತ್ರ ಹೇಳ್ಬೇಡಿ, ಅವನು ಟೋನಿ ಗ್ವಿನ್ ಹೆಸರು ತೆಗೆದ್ರೆ ನೀವು ಸಿಕ್ಕಿಹಾಕ್ಕೊಳ್ತೀರಿ. ಗ್ವಿನ್ ಕೂಡ ಹೋಮ್ ರನ್ ಮನುಷ್ಯ ಅಲ್ಲ, ಸ್ಯಾನ್ ಡಿಯಾಗೋದಲ್ಲೇ 20 ಸೀಸನ್ನು ಆಡಿ ಹೊಡೆದಿದ್ದು 135. ಆದ್ರೂ .338 ಆವರೇಜು, ಓಪಿಎಸ್ ಪ್ಲಸ್ 132. ಅವನ 543 ಡಬಲ್ಲು ನೋಡಿ, ಇಚಿರೊದು 362.

ಇನ್ನು ಲೀಗ್ ಆವರೇಜ್ ಅನ್ನೋದೇ ಒಂದು ಕಡೆ ನಿಲ್ಲೋ ಪ್ರಾಣಿ ಅಲ್ಲ. 1968ರಲ್ಲಿ ಪಿಚರ್ರುಗಳ ಹಾವಳಿ ಎಷ್ಟಿತ್ತು ಅಂದ್ರೆ ಇಡೀ ಅಮೆರಿಕನ್ ಲೀಗಿನ ಆವರೇಜು .230ಕ್ಕೆ ಬಿದ್ದಿತ್ತು, ಕಾರ್ಲ್ ಯಾಸ್ಟ್ರೆಮ್ಸ್ಕಿ .301 ಹೊಡೆದು ಇಡೀ ಲೀಗಿಗೆ ಫಸ್ಟ್ ಬಂದ. ಮುಂದಿನ ವರ್ಷ ಪಿಚರ್ ನಿಲ್ಲೋ ದಿಬ್ಬದ ಎತ್ತರಾನೇ 15 ಇಂಚಿಂದ 10ಕ್ಕೆ ಇಳಿಸಿದ್ರು. ಅದೇ 1930ರಲ್ಲಿ ನ್ಯಾಷನಲ್ ಲೀಗಿನ ಒಟ್ಟು ಆವರೇಜೇ .303! ಅಂದ್ರೆ ಯಾಸ್ಟ್ರೆಮ್ಸ್ಕಿಯನ್ನ ಫಸ್ಟ್ ರ‍್ಯಾಂಕ್ ಮಾಡಿದ .301, ಅಲ್ಲಿ ಆವರೇಜಿಗಿಂತ ಕೆಳಗೆ. ಆ ವರ್ಷ ಬಿಲ್ ಟೆರ್ರಿ .401 ಹೊಡೆದ. ಈಗ ಭಾಗಿಸಿ. ಟೆರ್ರಿ ತನ್ನ ಲೀಗಿಗಿಂತ 32 ಪರ್ಸೆಂಟ್ ಮೇಲೆ, ಯಾಸ್ಟ್ರೆಮ್ಸ್ಕಿ 31. ನೋಡೋಕೆ ನೂರು ಪಾಯಿಂಟ್ ದೂರ ಇದ್ದೋರು ಅಕ್ಕಪಕ್ಕ ಬಂದು ಕೂತ್ರು ನೋಡಿ. 2004ರ ಇಚಿರೊ? .372, ಲೀಗು .270, ಅಂದ್ರೆ 38 ಪರ್ಸೆಂಟ್. ಇಬ್ರನ್ನೂ ದಾಟಿದ.

ಗ್ವಿನ್ 1994ರಲ್ಲಿ .394, ಲೀಗು .267, 48 ಪರ್ಸೆಂಟ್ ಮೇಲೆ. ಆಗಸ್ಟ್ 12ಕ್ಕೆ ಆಟಗಾರರ ಸ್ಟ್ರೈಕ್ ಶುರುವಾಗಿ ಸೀಸನ್ನೇ ನಿಂತೋಯ್ತು, ಇಲ್ಲಾಂದ್ರೆ .400 ಮುಟ್ತಿದ್ದನೋ ಏನೋ. ಇವತ್ತಿಗೂ ಹೊಟ್ಟೆ ಉರಿಯುತ್ತೆ ನನಗೆ.

ಧಾರವಾಡ ಫೇಡೆ
ಅಂಕಿ ಸರ, ನೀವು ಯಾರ ಪಾರ್ಟಿ ಅಂತ ಮೊದ್ಲ ಹೇಳ್ರಿ. ಒಮ್ಮೆ ಇಳಸ್ತೀರಿ, ಒಮ್ಮೆ ಏರಸ್ತೀರಿ.

ಅದಿರ್ಲಿ, ಅದ 2004ರಾಗ ಬ್ಯಾರಿ ಬಾಂಡ್ಸ್ ಏನ್ ಮಾಡಿದ್ದ ನೆನಪೈತೇನು? ಇಚಿರೊ 262 ಹಿಟ್ ಹೊಡದ, ಬಾಂಡ್ಸ್ ಹೊಡದದ್ದು 135. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟ. ಆದ್ರ 232 ವಾಕು, ಅದ್ರಾಗ 120 ಸಲ ಬೇಕಂತನ ಬಾಲ್ ಹೊರಗ ಹಾಕಿ ಕಳಿಸಿದ್ರು, ಅಂಜಿ. ಆನ್ ಬೇಸ್ .609! ಓಪಿಎಸ್ ಪ್ಲಸ್ 263 ರೀ. ಅವನ ಮ್ಯಾಲಿನ ಸ್ಟಿರಾಯ್ಡ್ ಆರೋಪ ಎಲ್ಲಾ ಗೊತ್ತೈತಿ, ಅದನ್ನ ಈಗ ತಗೀಬ್ಯಾಡ್ರಿ, ನಾ ಹೇಳೂದು ಹಿಟ್ ಎಣಿಸೋದರಾಗ ಅರ್ಥ ಇಲ್ಲ ಅಂತ.

ಬೆಲ್‌ವ್ಯೂ ಅಮ್ಮ
232 ಸಲ ನಡ್ಕೊಂಡು ಹೋಗೋದನ್ನ ದುಡ್ಡು ಕೊಟ್ಟು ನೋಡ್ಬೇಕಾ ಫೇಡೆಯವರೇ? ನಾನಂತೂ ಮನೆ ಹತ್ರ ಪಾರ್ಕಲ್ಲೇ ನೋಡ್ತೀನಿ.

ಕೋಬೆಯಿಂದ
ತಡವಾಗಿ ಬಂದೆ. ಯಾರೂ ಜಪಾನಿನ ಕಡೆ ತಿರುಗಿ ನೋಡ್ಲಿಲ್ಲವಲ್ಲ, ಇಲ್ಲಿ ಕೂತ ನನಗೆ ಬೇಜಾರು. ಅವನು ಈ ಊರಿನ ಒರಿಕ್ಸ್ ಬ್ಲೂವೇವ್‌ಗೆ ಒಂಬತ್ತು ಸೀಸನ್ ಆಡಿದ್ದು, 951 ಮ್ಯಾಚಲ್ಲಿ 1278 ಹಿಟ್, ಆವರೇಜ್ .353. 1994ರಿಂದ 2000ದವರೆಗೆ ಏಳಕ್ಕೆ ಏಳು ವರ್ಷವೂ ಲೀಗಿನ ಬ್ಯಾಟಿಂಗ್ ಟೈಟಲ್ ಇವನದೇ. 1994ರಲ್ಲಿ ಬರೀ 130 ಮ್ಯಾಚಿನ ಸೀಸನ್ನಲ್ಲಿ 210 ಹಿಟ್. ಮತ್ತೆ ಧಾರವಾಡದವರಿಗೊಂದು ಮಾತು, ಇಲ್ಲಿ ಅವನ ಹೋಮ್ ರನ್ 118. ಅಮೆರಿಕದಲ್ಲಿ ಹತ್ತೊಂಬತ್ತು ಸೀಸನ್ನಿಗೆ 117. ಅಂದ್ರೆ ಗೋಡೆ ದಾಟಿಸೋಕೆ ಬರದೆ ಅಲ್ಲ, ಅಲ್ಲಿ ಹೋಗಿ ಆಟದ ರೀತಿಯನ್ನೇ ಬದಲಾಯಿಸ್ಕೊಂಡ ಅಂತ ನನ್ನ ಅಂದಾಜು.

ಎರಡೂ ಕಡೆಯದು ಕೂಡಿಸಿ 4367 ಅಂತ ಹೇಳಿ ಪೀಟ್ ರೋಸ್‌ನ 4256 ಹಿಟ್ಟಿನ ಮೇಜರ್ ಲೀಗ್ ರೆಕಾರ್ಡ್ ಮುರಿದ ಅನ್ನೋದು ನನಗೂ ಅಷ್ಟು ಸರಿ ಕಾಣಲ್ಲ. ಲೀಗು ಬೇರೆ, ಪಿಚರ್ ಬೇರೆ, ಅಳತೆಗೋಲೇ ಬೇರೆ. ಆದ್ರೆ ಒಂದಂತೂ ನಿಜ, ಗ್ವಿನ್ 22ಕ್ಕೆ ಮೇಜರ್ ಲೀಗಿಗೆ ಬಂದ, ಇಚಿರೊ ಬಂದಿದ್ದು 27ಕ್ಕೆ. ಬೇರೆಯವರಿಗೆ ಕಾಲಲ್ಲಿ ಕಸುವು ಇರೋ 22ರಿಂದ 26ರ ವರ್ಷಗಳು ಅಮೆರಿಕದ ಲೆಕ್ಕದಲ್ಲಿ ಸೇರಿವೆ, ಇವನವು ಕೋಬೆಯಲ್ಲಿ ಉಳಿದ್ವು. ರಾಯರು ಹೇಳಿದ ಆ ಸಾಲದ ಭಾಗ ಮಾತ್ರ ಪೂರ್ತಿ ಅಲ್ಲಿ ಬಿತ್ತು.

ಅಂಕಿಸಂಕಿ
@ಕೋಬೆಯಿಂದ ಇದು ನನಗೆ ಹೊಳೆದೇ ಇರ್ಲಿಲ್ಲ, 118 ಮತ್ತು 117 ಪಕ್ಕಪಕ್ಕ ಇಟ್ಟು ನೋಡೇ ಇರ್ಲಿಲ್ಲ ಮಾರಾಯ್ರೆ.

ನಾನು ಯಾವ ಪಾರ್ಟಿ ಅಂತ ಕೇಳಿದ್ರಲ್ಲ ಫೇಡೆ ಸರ್, ಹೇಳ್ತೀನಿ. ಆ "ಆವರೇಜ್" ಅನ್ನೋ ಪದವೇ ಇಲ್ಲಿ ಎಲ್ಲರ ದಾರಿ ತಪ್ಪಿಸ್ತಿದೆ. ಆವರೇಜ್ ಅಂದ ತಕ್ಷಣ ನಮಗೆ ಕ್ಲಾಸಲ್ಲಿ ನಡುವಿನ ಬೆಂಚಿನವನು ನೆನಪಾಗ್ತಾನೆ. ಆದ್ರೆ ಲೀಗ್ ಆವರೇಜ್ ಲೆಕ್ಕ ಹಾಕೋದು ತಲೆ ಎಣಿಸಿ ಅಲ್ಲ, ಬ್ಯಾಟ್ ಹಿಡಿದ ಸಲಗಳನ್ನ ಎಣಿಸಿ. ಚೆನ್ನಾಗಿ ಹೊಡೆಯೋನಿಗೆ ವರ್ಷಕ್ಕೆ 700 ಸಲ ಅವಕಾಶ, ಹೊಡೀದವನಿಗೆ 40 ಸಲ ಕೊಟ್ಟು ಮೈನರ್ ಲೀಗಿಗೆ ವಾಪಸ್ ಕಳಿಸ್ತಾರೆ. ಹಾಗಾಗಿ ಆ 100 ಅನ್ನೋದು ಆಗಲೇ ಒಳ್ಳೆ ಆಟಗಾರರ ಕಡೆ ವಾಲಿರುತ್ತೆ. ಸೀಸನ್ ಮಧ್ಯೆ ಯಾರಿಗಾದ್ರೂ ಕಾಲು ಉಳುಕಿದ್ರೆ ಟೀಮಿಗೆ ಬದಲಿ ಸಿಗೋನು 100 ಇರಲ್ಲ, ಅದಕ್ಕಿಂತ ತುಂಬ ಕೆಳಗಿರ್ತಾನೆ. ಅಂಥದ್ರಲ್ಲಿ 10734 ಸಲ ಬ್ಯಾಟ್ ಹಿಡಿದು 107ರಲ್ಲಿ ನಿಲ್ಲೋದು ಹುಡುಗಾಟ ಅಲ್ಲ.

ಇದರ ಇನ್ನೊಂದು ಮುಖಾನೂ ಹೇಳಿಬಿಡ್ತೀನಿ, ಇಲ್ಲಾಂದ್ರೆ ರಾಯ್ರು ನನ್ನನ್ನ ಹೊತ್ಕೊಂಡು ಮೆರವಣಿಗೆ ಮಾಡ್ತಾರೆ. ಇಚಿರೊ ನಿಲ್ತಿದ್ದ ರೈಟ್ ಫೀಲ್ಡ್ ಅಂದ್ರೆ ಸಾಮಾನ್ಯವಾಗಿ ಟೀಮುಗಳು ಹೋಮ್ ರನ್ ಹೊಡೆಯೋನನ್ನ ನಿಲ್ಲಿಸೋ ಜಾಗ, ಆ ಗುಂಪಿನ ಬ್ಯಾಟಿಂಗೇ ಲೀಗಿಗಿಂತ ಮೇಲಿರುತ್ತೆ. ಅವರ ಜೊತೆ ಇಟ್ಟು ನೋಡಿದ್ರೆ ಬ್ಯಾಟಲ್ಲಿ ಇಚಿರೊನ ಲಾಭ ಇನ್ನೂ ಕರಗುತ್ತೆ. ಅವನು ಹಾಲ್ ಆಫ್ ಫೇಮಿಗೆ ಹೋಗಿದ್ದು ಬ್ಯಾಟು, ಕಾಲು, ಕೈ ಮೂರೂ ಸೇರಿ. ಬರೀ ಬ್ಯಾಟನ್ನ ಹಿಡ್ಕೊಂಡು ವಾದ ಮಾಡಿದ್ರೆ ಹುಡುಗ ಗೆಲ್ತಾನೆ ರಾಯ್ರೆ, ಬೇಜಾರಾಗ್ಬೇಡಿ.

ರೆಂಟನ್ ರಾಯ
ಸೋಮವಾರದ ವರದಿ. ಎಕ್ಸೆಲ್ ತೋರಿಸ್ದೆ. .331 ಮತ್ತೆ .268 ನೋಡಿ ಸ್ವಲ್ಪ ಹೊತ್ತು ಸುಮ್ನಾದ. ಆಮೇಲೆ, ಹಂಗಾದ್ರೆ 2010ಕ್ಕೇ ನಿಲ್ಲಿಸ್ಬೇಕಿತ್ತು ಅಂದ.

ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. 2010ಕ್ಕೇ ನಿಲ್ಲಿಸಿದ್ರೆ 3000ನೇ ಹಿಟ್ ಎಲ್ಲಿರ್ತಿತ್ತು? ಡೆನ್ವರಲ್ಲಿ 2016ರ ಆಗಸ್ಟ್ 7ಕ್ಕೆ ಗೋಡೆಗೆ ಬಡಿದ ಆ ಟ್ರಿಪಲ್ಲು, ಆಗ ಅವನಿಗೆ 42. ಮತ್ತೆ 2019ರ ಮಾರ್ಚಲ್ಲಿ ಟೋಕಿಯೋ ಡೋಮಿನ ಕೊನೇ ಮ್ಯಾಚು ನಾನು ಇಲ್ಲಿ ಬೆಳಗಿನ ಜಾವ ಎರಡೂವರೆಗೆ ಅಲಾರಂ ಇಟ್ಟು ಎದ್ದು, ಟಿವಿ ಸೌಂಡ್ ಪೂರ್ತಿ ಕಮ್ಮಿ ಮಾಡಿ ನೋಡ್ದೆ. ನಾಲ್ಕು ಸಲ ಬ್ಯಾಟ್ ಹಿಡಿದ, ನಾಲ್ಕೂ ಔಟು. ಕೊನೇದು ಅದೇ ಶಾರ್ಟ್‌ಸ್ಟಾಪ್ ಕಡೆ ನೆಲಕ್ಕೆ ತಟ್ಟಿದ್ದು. ಓಡಿದ, ಅರ್ಧ ಹೆಜ್ಜೆ ತಡ. 2001ರಲ್ಲಿ ನಾನು ಪಾಪ್‌ಕಾರ್ನ್ ಕಡೆ ತಿರುಗಿದಾಗ ದಾಟಿಹೋಗಿದ್ದ ಅದೇ ಬೇಸು. ಇದನ್ನೆಲ್ಲ ಆ ಹುಡುಗನಿಗೆ ಹೇಳೋಕೆ ಹೋಗ್ಲಿಲ್ಲ.

ಅವನು ನಾಳೆ ಅವರ ಬಾಸ್ಟನ್ನಿನ ಡೇವಿಡ್ ಆರ್ಟಿಜ್ ನಂಬರ್ ತಗೊಂಡು ಬರ್ತಾನಂತೆ. ಅಂಕಿ ಸರ್, ಏನಾದ್ರೂ ಕೊಡಿ.

ಅಂಕಿಸಂಕಿ
ಆರ್ಟಿಜ್ ಆವರೇಜ್ .286, ನಿಮ್ಮವನಿಗಿಂತ 25 ಪಾಯಿಂಟ್ ಕಮ್ಮಿ. ಇಷ್ಟಕ್ಕೇ ನಿಲ್ಲಿಸಿ. ಓಪಿಎಸ್ ಪ್ಲಸ್ 141, ಹೋಮ್ ರನ್ 541. ಅದಕ್ಕೆ ನನ್ನತ್ರ ಏನೂ ಇಲ್ಲ ರಾಯ್ರೆ.

ಧಾರವಾಡ ಫೇಡೆ
20 ಸೀಸನ್ನಿನ್ಯಾಗ ಆರ್ಟಿಜ್ ಕದ್ದ ಬೇಸು ಎಷ್ಟು ಅಂತ ಕೇಳ್ರಿ ಅಂವಗ. 17. ನಾ ಹೇಳ್ದೆ ಅಂತ ಮಾತ್ರ ಹೇಳಬ್ಯಾಡ್ರಿ.

ಬೆಲ್‌ವ್ಯೂ ಅಮ್ಮ
ರಾಯ್ರೆ, ನಾಳೆ ಚಿತ್ರಾನ್ನ ಎರಡು ಡಬ್ಬಿ ತಗೊಂಡು ಹೋಗಿ.